ಎಂಜಿನುಗಳ ಪರಕಾಯ ಪ್ರವೇಶ

ಮಳೆಗಾಲದಲ್ಲಿ ಮಲೆನಾಡಿನ ತೋಟದ ದಾರಿಗಳಲ್ಲಿ ಓಡಾಡಿದವರಿಗೆ ಹಳೆಯ ಜೀಪಿನ ಸದ್ದು ಪರಿಚಿತವಾದುದೇ. ಗಾಡಿ ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ತಿರುವಿನಾಚೆಯಿಂದ ಅದರ ದನಿ ಕೇಳಿಸುತ್ತದೆ. ಹೊಸಬರು ಯಾವುದೋ ಟ್ರಾಕ್ಟರು ಬರುತ್ತಿದೆಯೆಂದು ತಿಳಿದು ಪಕ್ಕಕ್ಕೆ ಸರಿಯುತ್ತಾರೆ. ತಿರುವು ದಾಟಿ ಬರುವುದು ಮಾತ್ರ ಜೀಪು! ಕಣ್ಣಿನ ಸಾಕ್ಷ್ಯ ಒಂದು, ಕಿವಿಯ ಸಾಕ್ಷ್ಯ ಇನ್ನೊಂದು, ಎರಡೂ ಸುಳ್ಳಲ್ಲ. ಅದರ ಮುಖ ಅಮೆರಿಕದ ಟೊಲೀಡೊ ನಗರದಲ್ಲಿ ರೂಪುಗೊಂಡದ್ದು. ದನಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ತಯಾರಾಗುತ್ತಿದ್ದ ಟ್ರಾಕ್ಟರಿನದು.

ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅಂಥ ಪರಕಾಯ ಪ್ರವೇಶವು ಯೋಗಿಗಳಿಗೆ ಮಾತ್ರ ಸಾಧ್ಯವೆಂದು ನಂಬಿಕೆ. ಆದರೆ ನಾಲ್ಕು ಚಕ್ರಗಳಿಗೂ ಶಕ್ತಿ ಹಾಯುವ ಹಳೆಯ ಮೋಟಾರು ಗಾಡಿಗಳ ಲೋಕದಲ್ಲಿ ಅದು ದಿನನಿತ್ಯದ ವ್ಯವಹಾರ. ಒಂದು ಗಾಡಿಯ ಎಂಜಿನ್ನನ್ನು ಕಳಚಿ ಇನ್ನೊಂದರ ಒಡಲಿಗೆ ಇಳಿಸುವ ಈ ಕೆಲಸವನ್ನು ಹಳೆಯ ವಾಹನಗಳನ್ನು ಸಂಗ್ರಹಿಸುವವರು ‘ಮೂಲಕ್ಕೆ ಅಪಚಾರ’ವೆಂದು ಬೇಸರಪಟ್ಟುಕೊಳ್ಳುತ್ತಾರೆ. ಕಾನೂನಿಗೂ ಇದರ ಮೇಲೆ ಸಂಶಯದ ದೃಷ್ಟಿಯೇ. ಹಾಗಾದರೆ ಈ ಗಾಡಿಗಳ ‘ಮೂಲ’ವೆಂಬುದು ಯಾವುದು? ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಅಚ್ಚರಿಯ ಸಂಗತಿಯೊಂದು ಹೊರಬೀಳುತ್ತದೆ.

ಜೀಪಿನ ಜನನ

೧೯೪೦ರ ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಚಕ್ರಗಳೂ ಎಳೆಯುವಂಥ ಪುಟ್ಟ ವಾಹನವೊಂದು ಬೇಕೆಂದು ತಯಾರಕರಿಗೆ ಕರೆ ಕೊಟ್ಟಿತು. ಮೊದಲ ಮಾದರಿಯನ್ನು ಒಪ್ಪಿಸಲು ೪೯ ದಿನಗಳ ಗಡುವು. ಆ ಗಡುವಿಗೆ ಗಾಡಿಯನ್ನು ತಂದು ನಿಲ್ಲಿಸಿದುದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ನಕ್ಷೆ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನದು. ಬ್ಯಾಂಟಮ್ಮಿನವರಿಗೆ ತಕ್ಕ ಎಂಜಿನ್ ಸ್ವಂತದ್ದಿರಲಿಲ್ಲ. ಕಾಂಟಿನೆಂಟಲ್ ಕಂಪನಿಯ ಎಂಜಿನನ್ನು ಕೊಂಡು ಕೂರಿಸಿದರು. ಅವರ ಬೆನ್ನಿಗೇ ಫೋರ್ಡ್ ಕಂಪನಿಯು ತನ್ನದೊಂದು ಮಾದರಿಯನ್ನು ತಂದಿತು. ಅದರೊಳಗೆ ಇದ್ದುದು ಫೋರ್ಡರ ಟ್ರಾಕ್ಟರಿನ ಎಂಜಿನ್ನೇ. ಅಲ್ಪಸ್ವಲ್ಪ ತಿದ್ದಿ ಕೂರಿಸಿದ್ದು.

ಮೂರನೆಯವರಾದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿಯ ಪಾಡು ಬೇರೆ. ಅಲ್ಲಿನ ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಯುದ್ಧಕ್ಕೆ ಮುಂಚೆಯೇ ತಮ್ಮ ಕಾರಿನ ೪೮ ಅಶ್ವಶಕ್ತಿಯ ಬಡಕಲು ಎಂಜಿನನ್ನು ಹಿಡಿದು ತಿದ್ದಲು ಕುಳಿತಿದ್ದ. ಸಿಲಿಂಡರುಗಳ ಗಾತ್ರ ಹೆಚ್ಚಿಸಲಿಲ್ಲ. ಒಳಗಿನ ಒಂದೊಂದು ಭಾಗವನ್ನೂ ಗಟ್ಟಿಮಾಡಿ, ಉಸಿರಾಟ ಸರಾಗಮಾಡಿ, ಅದೇ ೧೩೪ ಘನ ಅಂಗುಲದಿಂದ ೬೦ ಅಶ್ವಶಕ್ತಿ ತೆಗೆದ. ಎದುರಾಳಿಗಳಿಬ್ಬರದೂ ೪೬ರ ಸುಮಾರಿನವು. ಆದರೆ ಎಂಜಿನ್ ಭಾರವಾದುದರಿಂದ ಗಾಡಿ ಸೈನ್ಯ ವಿಧಿಸಿದ್ದ ತೂಕದ ಮಿತಿಯನ್ನು ಮೀರಿತು. ರೂಸ್ ಎಂಜಿನನ್ನು ಬಿಡಲಿಲ್ಲ; ಗಾಡಿಯನ್ನೇ ಬಿಚ್ಚಿ ಒಂದೊಂದು ಭಾಗವನ್ನೂ ತೂಗಿ, ಉದ್ದನೆಯ ಬೋಲ್ಟುಗಳನ್ನು ಗಿಡ್ಡಮಾಡಿ, ಬಣ್ಣದ ಲೇಪವನ್ನು ಸಹ ತೆಳುವಾಗಿಸಿ ಮಿತಿಯೊಳಕ್ಕೆ ತಂದನಂತೆ. ಕಡೆಗೆ ಗೆದ್ದುದು ಆ ಎಂಜಿನ್. ಯುದ್ಧಕಾಲದಲ್ಲಿ ತಯಾರಾದ ಆರು ಲಕ್ಷಕ್ಕೂ ಮಿಕ್ಕ ಜೀಪುಗಳಲ್ಲಿ ದೊಡ್ಡ ಪಾಲನ್ನು ಫೋರ್ಡ್ ಕಂಪನಿಯೇ ಮಾಡಿಕೊಟ್ಟಿತು. ತನ್ನ ಟ್ರಾಕ್ಟರ್ ಎಂಜಿನನ್ನು ಬದಿಗಿಟ್ಟು, ಪ್ರತಿಸ್ಪರ್ಧಿಯ ಎಂಜಿನನ್ನು ತಾನೇ ತಯಾರಿಸಿ ಕೂರಿಸಿತು!

ಯುದ್ಧ ಮುಗಿದ ಮೇಲೆ ವಿಲ್ಲೀಸ್ ಕಂಪನಿ ಇನ್ನೂ ಬಲವಾದ ‘ಹರಿಕೇನ್’ ಎಂಬ ಎಂಜಿನನ್ನು ತಂದಿತು. ೭೦ಕ್ಕೂ ಹೆಚ್ಚು ಅಶ್ವಶಕ್ತಿ. ಆದರೆ ಅದರ ಕವಾಟಗಳ ಒಂದು ಸಾಲು ತಲೆಯ ಮೇಲೆ ಇದ್ದುದರಿಂದ ಎತ್ತರ ಹೆಚ್ಚು. ಹಳೆಯ ಬಾನೆಟ್ಟಿನ ಕೆಳಗೆ ಹಿಡಿಸದು. ೧೯೫೩ರ ಸಿಜೆ-೩ಬಿ ಮಾದರಿಯಲ್ಲಿ ಕಂಪನಿಯವರು ಕಂಡುಕೊಂಡ ಉಪಾಯ ನಮ್ಮ ಗ್ಯಾರೇಜಿನವರು ಕಂಡುಕೊಳ್ಳಬಹುದಾದಂಥದೇ: ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ಭಾರತದಲ್ಲಿ ದಶಕಗಳ ಕಾಲ ಜೀಪೆಂದರೆ ನಮ್ಮ ಕಣ್ಣಮುಂದೆ ನಿಲ್ಲುತ್ತಿದ್ದ ಆ ಎತ್ತರದ ಹಣೆ ಅಲಂಕಾರಕ್ಕೆ ಹುಟ್ಟಿದ್ದಲ್ಲ; ಹಿಡಿಸದ ಎಂಜಿನನ್ನು ಹಿಡಿಸಿದ ಗುರುತು ಅದು.

ಕಡಲಾಚೆಯ ಇನ್ನೊಂದು ಕುಲ

ಇಂಗ್ಲೆಂಡಿನ ಲ್ಯಾಂಡ್ ರೋವರ್ ಗಾಡಿಯ ಹುಟ್ಟಂತೂ ನೇರವಾಗಿ ಎಂಜಿನ್ ಬದಲಾವಣೆಯಿಂದಲೇ ಆದದ್ದು. ರೋವರ್ ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್‌ಗೆ ವೇಲ್ಸಿನ ಆಂಗ್ಲಸೀ ದ್ವೀಪದಲ್ಲಿ ಜಮೀನಿದ್ದಿತು. ಅಲ್ಲಿನ ಕೆಲಸಕ್ಕೆ ಯುದ್ಧದಲ್ಲಿ ಸವೆದ ಜೀಪೊಂದನ್ನು ಇಟ್ಟುಕೊಂಡಿದ್ದ. ಅದು ಹಳತಾದರೆ ಬದಲಿಗೆ ಕೊಳ್ಳಲು ಇನ್ನೊಂದು ಜೀಪಲ್ಲದೆ ಬೇರೆ ಗಾಡಿಯೇ ಇಲ್ಲವಲ್ಲ ಎಂಬ ಯೋಚನೆಯಿಂದ ಹೊಸ ವಾಹನದ ಕನಸು ಮೂಡಿತು. ೧೯೪೭ರಲ್ಲಿ ಕಟ್ಟಿದ ಮೊತ್ತಮೊದಲ ಪ್ರಯೋಗದ ಗಾಡಿ ಜೀಪಿನ ಚಾಸಿಯ ಮೇಲೆ ರೋವರ್ ಕಾರಿನ ಎಂಜಿನ್ ಕೂರಿಸಿದ್ದು. ೧೯೪೮ರ ಏಪ್ರಿಲ್ ೩೦ರಂದು ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಜಗತ್ತಿಗೆ ಪರಿಚಯವಾದ ಲ್ಯಾಂಡ್ ರೋವರಿನ ವಂಶವೃಕ್ಷವು ಹೀಗೆ ಒಂದು ಕಸಿಯಿಂದ ಆರಂಭವಾಗುತ್ತದೆ.

ಇದೇ ಮನೆತನದ ಶ್ರೀಮಂತ ಕುಡಿಯಾದ ರೇಂಜ್ ರೋವರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದ ಜನರಲ್ ಮೋಟಾರ್ಸ್‌ನವರು ೧೯೬೧ರಲ್ಲಿ ಪೂರ್ತಿ ಅಲ್ಯೂಮಿನಿಯಮ್ಮಿನ, ಎಂಟು ಸಿಲಿಂಡರುಗಳ ಮೂರೂವರೆ ಲೀಟರಿನ ಎಂಜಿನೊಂದನ್ನು ತಮ್ಮ ಬ್ಯೂಕ್ ಕಾರಿಗಾಗಿ ಮಾಡಿದ್ದರು. ಬಲು ಹಗುರ, ಆದರೆ ಎರಕ ಹೊಯ್ಯುವುದು ಕಷ್ಟ, ಖರ್ಚು ಹೆಚ್ಚು. ಅಲ್ಲಿ ಕಬ್ಬಿಣ ಅಗ್ಗವಿರುವಾಗ ಈ ತಾಪತ್ರಯವೇಕೆಂದು ೧೯೬೩ರಲ್ಲಿ ಅದನ್ನು ಕೈಬಿಟ್ಟರು. ರೋವರ್ ಕಂಪನಿಯ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟ್ ಬೇರೊಂದು ಕೆಲಸದ ಮೇಲೆ ವಿಸ್ಕಾನ್ಸಿನ್ನಿನ ದೋಣಿ ಎಂಜಿನ್ ಕಾರ್ಖಾನೆಗೆ ಹೋದಾಗ ಅಲ್ಲಿ ಈ ಎಂಜಿನ್ ಅವನ ಕಣ್ಣಿಗೆ ಬಿದ್ದಿತು. ಅಳೆದು ನೋಡಿದ, ತನ್ನ ಕಾರುಗಳಿಗೆ ಹಿಡಿಸುತ್ತದೆ ಎನಿಸಿತು. ೧೯೬೫ರಲ್ಲಿ ತಯಾರಿಕೆಯ ಹಕ್ಕು ಇಂಗ್ಲೆಂಡಿಗೆ ಬಂದಿತು. ನಿವೃತ್ತಿಯ ಅಂಚಿನಲ್ಲಿದ್ದ ಬ್ಯೂಕಿನ ಎಂಜಿನಿಯರ್ ಜೋ ಟರ್ಲಿ ಕೂಡ ಅದರ ಹಿಂದೆಯೇ ಕಡಲು ದಾಟಿ ಬಂದ. ೧೯೭೦ರಲ್ಲಿ ರೇಂಜ್ ರೋವರ್ ಈ ಎಂಜಿನಿನೊಡನೆ ಹೊರಬಂದಾಗ ಅದನ್ನು ಅಪ್ಪಟ ಇಂಗ್ಲಿಷ್ ಗಾಡಿಯೆಂದೇ ಲೋಕವು ಕೊಂಡಾಡಿತು. ಅಮೆರಿಕ ಎಸೆದುದನ್ನು ಇಂಗ್ಲೆಂಡ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿಸಿತು.

ಎಣ್ಣೆಯ ಬೆಲೆ ಬರೆದ ಅಧ್ಯಾಯ

ಇಲ್ಲಿಯವರೆಗೆ ಹೇಳಿದುದು ಕಾರ್ಖಾನೆಗಳ ಮಾತು. ಎಂಜಿನ್ ಬದಲಾವಣೆಯನ್ನು ಸಾಮಾನ್ಯ ಮಾಲಿಕನ ಮನೆ ಬಾಗಿಲಿಗೆ ತಂದುದು ೧೯೭೩ರ ಎಣ್ಣೆ ಬಿಕ್ಕಟ್ಟು. ಆ ವರ್ಷದ ಅಕ್ಟೋಬರಿನಿಂದ ಮರುವರ್ಷದ ಜನವರಿಯೊಳಗೆ ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಗೆ ಸುಮಾರು ೩ ಡಾಲರಿನಿಂದ ೧೨ ಡಾಲರಿನ ಹತ್ತಿರಕ್ಕೆ ಏರಿತು. ರೇಂಜ್ ರೋವರಿನ ಒಡೆಯರೇ ಎಂಟು ಸಿಲಿಂಡರುಗಳ ಹೊಟ್ಟೆಬಾಕತನಕ್ಕೆ ಅಂಜಿ ಡೀಸೆಲ್ ಎಂಜಿನುಗಳನ್ನು ಹಾಕಿಸಲು ತೊಡಗಿದರು. ಕಾರ್ಖಾನೆ ತಾನಾಗಿ ಡೀಸೆಲ್ ರೇಂಜ್ ರೋವರನ್ನು ಹೊರತಂದುದು ೧೯೮೬ರಲ್ಲಿ. ಅದೂ ಇಟಲಿಯಿಂದ ಎಂಜಿನ್ ತರಿಸಿಕೊಂಡು. ರಸ್ತೆಬದಿಯ ಗ್ಯಾರೇಜುಗಳು ಕಾರ್ಖಾನೆಗಿಂತ ಹತ್ತಾರು ವರ್ಷ ಮುಂದಿದ್ದುವು.

ನಮ್ಮ ದೇಶದ ಕಥೆಗೆ ಬರೋಣ. ಮಹಾಯುದ್ಧದ ಕಾಲದಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿ ಅಮೆರಿಕದಲ್ಲಿದ್ದ ಕೆ.ಸಿ. ಮಹೀಂದ್ರರಿಗೆ ಮೇಲೆ ಹೇಳಿದ ಬಾರ್ನಿ ರೂಸ್‌ನ ಪರಿಚಯವಾಯಿತು. ಆ ಪರಿಚಯದ ಫಲವಾಗಿ ೧೯೪೯ರಲ್ಲಿ ಬೊಂಬಾಯಿಯ ಮಜಗಾಂವಿನಲ್ಲಿ ಜೀಪುಗಳ ಜೋಡಣೆ ಆರಂಭವಾಯಿತು. ಪೋಲೀಸು, ಅರಣ್ಯ, ಕಂದಾಯ, ನೀರಾವರಿ—ಸರ್ಕಾರದ ಯಾವ ಇಲಾಖೆ ಜೀಪಿಲ್ಲದೆ ನಡೆದೀತು? ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೂ ಜೀಪು ಬಂದಿತು. ಇಲಾಖೆಗಳು ಹರಾಜು ಹಾಕಿದ ಗಾಡಿಗಳು ಸಣ್ಣ ಬೆಳೆಗಾರರ ಕೈಗೂ ಎಟುಕಿದುವು.

ಪೆಟ್ರೋಲ್ ಜೀಪಿಗೆ ಮಲೆನಾಡಿನಲ್ಲಿ ಎರಡು ಶತ್ರುಗಳು. ಒಂದು ಪೆಟ್ರೋಲಿನ ಬೆಲೆ. ಸರ್ಕಾರದ ತೆರಿಗೆ ನೀತಿಯಿಂದಾಗಿ ದಶಕಗಳ ಕಾಲ ಡೀಸೆಲ್ ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದಿತು. ಮೊದಲೇ ಜೀಪು ಮೈಲಿಗೆ ಲೆಕ್ಕವಿಲ್ಲದೆ ಕುಡಿಯುವ ಗಾಡಿ. ಕೆಸರಿನಲ್ಲಿ ನಾಲ್ಕೂ ಚಕ್ರ ಹಾಕಿ ಏರುವಾಗ ಕೇಳುವುದೇ ಬೇಡ. ಎರಡನೆಯ ಶತ್ರು ಮಳೆ. ಪೆಟ್ರೋಲ್ ಎಂಜಿನಿನ ಪ್ರಾಣವಿರುವುದು ವಿದ್ಯುತ್ ಕಿಡಿಯಲ್ಲಿ. ಹಳ್ಳ ದಾಟುವಾಗ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನೀರು ತಗುಲಿದರೆ ಗಾಡಿ ನಿಂತಲ್ಲೇ ನಿಂತಿತು. ಡೀಸೆಲಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಒತ್ತಿ ಬಂದ ಕಾವಿನಿಂದಲೇ ಅದು ಹೊತ್ತಿಕೊಳ್ಳುತ್ತದೆ. ನಿಧಾನವಾಗಿ ತಿರುಗುತ್ತಲೇ ಬಲವಾಗಿ ಎಳೆಯುವುದು ಅದರ ಇನ್ನೊಂದು ಗುಣ. ಏರು ದಾರಿಗೆ ಬೇಕಾದುದು ಅದೇ.

ಇಂಥ ಎಂಜಿನ್ ಎಲ್ಲಿತ್ತು? ೧೯೬೩ರಲ್ಲಿ ಮಹೀಂದ್ರ ಕಂಪನಿಯು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್‌ಗಳೊಡನೆ ಸೇರಿ ಟ್ರಾಕ್ಟರ್ ಕಂಪನಿಯೊಂದನ್ನು ಸ್ಥಾಪಿಸಿದ್ದಿತು. ಅಲ್ಲಿ ತಯಾರಾದ ಬಿ-೨೭೫ ಟ್ರಾಕ್ಟರಿನ ಎಂಜಿನ್ ೧೪೪ ಘನ ಅಂಗುಲದ್ದು. ಜೀಪಿನ ಪೆಟ್ರೋಲ್ ಎಂಜಿನಿಗಿಂತ ಗಾತ್ರದಲ್ಲಿ ಸ್ವಲ್ಪವೇ ದೊಡ್ಡದು. ಅದೇ ವಂಶದ ಎಂಜಿನನ್ನು ಜೀಪಿನ ಓಟಕ್ಕೆ ಒಗ್ಗಿಸಿ ಕಾರ್ಖಾನೆಯೇ ಡೀಸೆಲ್ ಜೀಪುಗಳನ್ನು ಹೊರತಂದಿತು. ೧೯೭೯ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಎಕ್ಸ್‌ಡಿಪಿ ೪.೯೦ ಎಂಬ ಇನ್ನೊಂದು ಎಂಜಿನಿನ ಹಕ್ಕು ಪಡೆಯಿತು. ೪ ಎಂದರೆ ಸಿಲಿಂಡರುಗಳ ಸಂಖ್ಯೆ, ೯೦ ಎಂದರೆ ಅವುಗಳ ಒಳವ್ಯಾಸ ಮಿಲಿಮೀಟರುಗಳಲ್ಲಿ. ಎಂಎಂ-೫೪೦ ಜೀಪಿನ ಮಾಲಿಕರಿಗೆ ಇದು ಚಿರಪರಿಚಿತ. ಗುಜರಿಗೆ ಹೋದ ಗಾಡಿಗಳಿಂದ ಈ ಡೀಸೆಲ್ ಎಂಜಿನುಗಳು ಬಿಡಿಯಾಗಿ ಸಿಗಲು ಮೊದಲಾದ ಮೇಲೆ, ಹಳೆಯ ಪೆಟ್ರೋಲ್ ಜೀಪುಗಳು ಒಂದೊಂದಾಗಿ ಗ್ಯಾರೇಜಿನ ಮಾವಿನ ಮರದ ಕೆಳಗೆ ಬಂದು ನಿಂತುವು.

ಮೇಸ್ತ್ರಿಯ ಲೆಕ್ಕ

ಮರದ ಕೊಂಬೆಗೋ ಮೂರು ಕಾಲಿನ ಕಂಬಕ್ಕೋ ಸರಪಳಿ ಕಟ್ಟಿ ಎಂಜಿನನ್ನು ಎತ್ತಿ ಇಳಿಸಿದರೆ ಕೆಲಸ ಮುಗಿಯಿತೆಂದು ನೋಡುವವರಿಗೆ ತೋರಬಹುದು. ಮೇಸ್ತ್ರಿಯ ಕಷ್ಟ ಅಲ್ಲಿಂದಾಚೆಗೆ ಆರಂಭ. ಹೊಸ ಎಂಜಿನಿನ ಹಿಂಭಾಗದ ತೂತುಗಳೂ ಹಳೆಯ ಗೇರ್‌ಬಾಕ್ಸಿನ ತೂತುಗಳೂ ಕೂಡಿಬರುವುದಿಲ್ಲ. ನಡುವೆ ದಪ್ಪನಾದ ಲೋಹದ ತಟ್ಟೆಯೊಂದನ್ನು ಲೇತಿನಲ್ಲಿ ಕಡೆಸಿ ಇಡಬೇಕು. ಎಂಜಿನಿನ ದಂಡವೂ ಗೇರ್‌ಬಾಕ್ಸಿನ ದಂಡವೂ ಕೂದಲೆಳೆಯಷ್ಟೂ ಓರೆಯಾಗದೆ ಒಂದೇ ರೇಖೆಯಲ್ಲಿ ನಿಲ್ಲಬೇಕು. ಇಲ್ಲವಾದರೆ ಕ್ಲಚ್ಚು ತಿನ್ನುತ್ತದೆ, ಗೇರು ಕಳಚುತ್ತದೆ, ಬೇರಿಂಗು ನುಚ್ಚಾಗುತ್ತದೆ.

ಮುಂದಿನ ಚಕ್ರಗಳೂ ಎಳೆಯುವ ಗಾಡಿಯಲ್ಲಿ ತೊಡಕು ಇಮ್ಮಡಿ. ಮುಂದಿನ ಆಕ್ಸಲು ಎಂಜಿನಿನ ಅಡಿಯಲ್ಲೇ ಹಾಯ್ದಿರುತ್ತದೆ. ಗುಂಡಿಯಲ್ಲಿ ಸ್ಪ್ರಿಂಗ್ ಕುಗ್ಗಿದಾಗ ಆಕ್ಸಲು ಮೇಲೆದ್ದು ಎಂಜಿನಿನ ತಳದ ಎಣ್ಣೆಪಾತ್ರೆಗೆ ಬಡಿಯಬಾರದು. ಆದ್ದರಿಂದ ಆ ಪಾತ್ರೆಯನ್ನು ಕೊಯ್ದು ಬೇರೆ ಆಕಾರಕ್ಕೆ ಬೆಸೆಯಬೇಕಾಗಬಹುದು. ಡೀಸೆಲಿನ ಭಾರಕ್ಕೆ ಮುಂದಿನ ಸ್ಪ್ರಿಂಗಿಗೆ ಪಟ್ಟಿ ಸೇರಿಸಬೇಕು. ಯುದ್ಧಕಾಲದ ಜೀಪಿನ ೬ ವೋಲ್ಟಿನ ಬ್ಯಾಟರಿ ಡೀಸೆಲನ್ನು ಎಬ್ಬಿಸಲಾರದು. ೧೨ ವೋಲ್ಟು ಬೇಕು. ಪೆಟ್ರೋಲ್ ಎಂಜಿನಿನ ಹೀರುವ ಬಲದಿಂದ ಓಡುತ್ತಿದ್ದ ಮಳೆ ಒರೆಸುವ ಕಡ್ಡಿ ಡೀಸೆಲ್ ಬಂದೊಡನೆ ನಿಂತುಹೋಗುವುದೂ ಉಂಟು. ಮಳೆಗಾಗಿಯೇ ಎಂಜಿನ್ ಬದಲಾಯಿಸಿದವನಿಗೆ ಇದು ಒಳ್ಳೆಯ ಬಹುಮಾನ!

ಎಲ್ಲಕ್ಕಿಂತ ಮುಖ್ಯವಾದುದು ವೇಗದ ಲೆಕ್ಕ. ಜೀಪಿನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ೪೦೦೦ ಸುತ್ತಿನಲ್ಲಿ ತನ್ನ ಪೂರ್ತಿ ಬಲ ತೋರುತ್ತದೆ. ಟ್ರಾಕ್ಟರಿನಲ್ಲಿದ್ದಾಗ ಆ ಡೀಸೆಲ್ ಎಂಜಿನ್ ದುಡಿಯುತ್ತಿದ್ದುದು ೧೮೭೫ ಸುತ್ತಿನಲ್ಲಿ. ಒಗ್ಗಿಸಿದ ಮೇಲೂ ಅದು ಪೆಟ್ರೋಲಿನಷ್ಟು ಚುರುಕಾಗದು. ಜೀಪಿನ ಆಕ್ಸಲಿನೊಳಗೆ ಚಕ್ರ ಒಂದು ಸುತ್ತು ಬರಲು ದಂಡ ೫.೩೮ ಸುತ್ತು ತಿರುಗಬೇಕು. ಹಾಗೆಯೇ ಬಿಟ್ಟರೆ ಡೀಸೆಲ್ ಜೀಪು ಹೆದ್ದಾರಿಯಲ್ಲಿ ಎತ್ತಿನ ಗಾಡಿಗಳಿಗೆ ಜೊತೆಯಾದೀತು. ಅನುಪಾತವನ್ನು ಬದಲಿಸೋಣವೆಂದರೆ, ಹಿಂದಿನದೊಂದನ್ನೇ ಬದಲಿಸುವಂತಿಲ್ಲ. ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ಲೆಕ್ಕದಲ್ಲಿ ತಿರುಗಲು ಹೊರಟರೆ ನಾಲ್ಕೂ ಚಕ್ರ ಹಾಕಿದ ಗಳಿಗೆಯಲ್ಲಿ ಇಡೀ ಯಂತ್ರ ತನ್ನನ್ನು ತಾನೇ ಹಿಂಡಿಕೊಂಡು ಮುರಿದೀತು. ಜೋಡೆತ್ತಿನಲ್ಲಿ ಒಂದು ಮಾತ್ರ ಬಿರುಸಾದರೆ ನೊಗ ಉಳಿಯುವುದಿಲ್ಲ. ಎರಡನ್ನೂ ಬದಲಿಸಬೇಕು, ಅಥವಾ ಎರಡನ್ನೂ ಬಿಡಬೇಕು.

ಇಷ್ಟನ್ನೂ ಲೆಕ್ಕಹಾಕಿ ಸರಿದೂಗಿಸಿದ ಮೇಸ್ತ್ರಿಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತದವರು ಎಷ್ಟೋ ಮಂದಿ. ನಕ್ಷೆ ಅವರ ಬೆರಳ ತುದಿಯಲ್ಲಿ, ಅಳತೆ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ. ಈ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಕಾರ್ಖಾನೆಯ ಕಸಿಗೆ ಎಂಜಿನಿಯರರ ಹೆಸರುಗಳು ಉಳಿದಿವೆ. ಮರದ ಕೆಳಗಿನ ಕಸಿಗೆ ಹೆಸರಿಲ್ಲ. ಡಾರ್ಜಿಲಿಂಗ್ ಸೀಮೆಯ ಮಾನೇಭಂಜಂಗ್‌ನಿಂದ ೩೬೩೬ ಮೀಟರ್ ಎತ್ತರದ ಸಂದಕ್‌ಫುವಿಗೆ ದಶಕಗಳ ಕಾಲ ಪ್ರಯಾಣಿಕರನ್ನು ಹೊತ್ತ ಹಳೆಯ ಲ್ಯಾಂಡ್ ರೋವರುಗಳನ್ನು ನೋಡಿ ಹಲವರು ಇಂಗ್ಲಿಷರ ಕೆಲಸಗಾರಿಕೆಯನ್ನು ಹೊಗಳಿ ಬರೆದಿದ್ದಾರೆ. ಅವುಗಳಲ್ಲಿ ಎಷ್ಟೋ ಗಾಡಿಗಳ ಬಾನೆಟ್ಟಿನ ಕೆಳಗೆ ದುಡಿದುದು ಮಹೀಂದ್ರದ ಡೀಸೆಲ್ ಎಂಜಿನ್. ಹೊಗಳಿಕೆಯಲ್ಲಿ ಅರ್ಧ ಪಾಲು ಬೆಟ್ಟದ ಮೇಸ್ತ್ರಿಗಳಿಗೆ ಸಲ್ಲಬೇಕಾದುದು.

ಕಾನೂನಿನ ಕಣ್ಣು

೧೯೩೯ರ ಮೋಟಾರು ವಾಹನ ಕಾಯಿದೆಯ ಕಾಲದಲ್ಲಿ ಮಾರ್ಪಾಟನ್ನು ನೋಂದಣಿ ಅಧಿಕಾರಿಗೆ ತಿಳಿಸಿ ದಾಖಲೆ ತಿದ್ದಿಸಿಕೊಳ್ಳುವ ಏರ್ಪಾಡಿದ್ದಿತು. ೧೯೮೮ರ ಕಾಯಿದೆಯ ೫೨ನೆಯ ಪ್ರಕರಣವನ್ನು ೨೦೦೦ದಲ್ಲಿ ತಿದ್ದಿ ಬಿಗಿಗೊಳಿಸಲಾಯಿತು. ನೋಂದಣಿ ಪತ್ರದ ವಿವರಗಳು ತಯಾರಕನು ಮೊದಲು ನಮೂದಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆಂಬುದು ಅದರ ಸಾರ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ಈ ಬಿಗಿಗೆ ಕಾರಣವಿಲ್ಲದಿಲ್ಲ. ಕದ್ದ ಗಾಡಿಯ ಎಂಜಿನ್ ಇನ್ನೊಂದರ ಒಡಲು ಸೇರಿದರೆ ಪತ್ತೆ ಕಷ್ಟ. ಅದಕ್ಕಿಂತ ದೊಡ್ಡ ಭಯ ಬ್ರೇಕಿನದು. ಯುದ್ಧಕಾಲದ ಜೀಪಿನ ೯ ಅಂಗುಲದ ಬ್ರೇಕು ೬೦ ಅಶ್ವಶಕ್ತಿಯ ಹಗುರ ಗಾಡಿಯನ್ನು ನಿಲ್ಲಿಸಲು ಮಾಡಿದ್ದು. ಅದನ್ನು ಹಾಗೆಯೇ ಬಿಟ್ಟು ಇಮ್ಮಡಿ ಬಲದ ಹೊಸ ಎಂಜಿನನ್ನು ಮೆರವಣಿಗೆಗೆಂದು ಕೂರಿಸಿ, ಘಾಟಿಯಲ್ಲಿ ಇಳಿಯುವ ಹುಡುಗನನ್ನು ಯಾವ ಮೇಸ್ತ್ರಿಯ ಜಾಣ್ಮೆಯೂ ಕಾಪಾಡಲಾರದು. ಓಡಿಸುವ ಬಲ ಹೆಚ್ಚಿಸಿದವನು ನಿಲ್ಲಿಸುವ ಬಲವನ್ನೂ ಹೆಚ್ಚಿಸಬೇಕು. ಹಳೆಯ ಮೇಸ್ತ್ರಿಗಳು ಇದನ್ನು ಬಲ್ಲರು. ಅವಸರದ ಗಿರಾಕಿಗಳು ಮರೆಯುತ್ತಾರೆ.

ಆದರೆ ‘ಮೂಲಕ್ಕಿಂತ ಬೇರೆ’ ಎಂಬುದೇ ತಪ್ಪೆನ್ನುವುದಾದರೆ ಚರಿತ್ರೆ ಒಪ್ಪುವುದಿಲ್ಲ. ಟ್ರಾಕ್ಟರಿನ ಎಂಜಿನ್ ಹೊತ್ತು ಪರೀಕ್ಷೆಗೆ ನಿಂತ ಫೋರ್ಡರ ಮಾದರಿ, ಜೀಪಿನ ಚಾಸಿಯ ಮೇಲೆ ಹುಟ್ಟಿದ ಲ್ಯಾಂಡ್ ರೋವರ್, ಅನ್ಯರು ಕೈಬಿಟ್ಟ ಎಂಜಿನಿನಿಂದ ಮೆರೆದ ರೇಂಜ್ ರೋವರ್—ಇವುಗಳಲ್ಲಿ ಕಸಿಯಲ್ಲದ ಮೂಲ ಎಲ್ಲಿದೆ? ಎಂಜಿನ್ ಬದಲಾವಣೆ ಈ ಗಾಡಿಗಳ ಚರಿತ್ರೆಗೆ ಅಂಟಿದ ಕಳಂಕವಲ್ಲ, ಅದೇ ಅವುಗಳ ಚರಿತ್ರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಬದಲಾಗಿದೆಯೆ?’ ಎಂಬುದಲ್ಲ, ‘ಸರಿಯಾಗಿ ಬದಲಾಗಿದೆಯೆ?’ ಎಂಬುದು. ಚೆನ್ನಾಗಿ ಪರೀಕ್ಷಿಸಿ ಒಪ್ಪಿಗೆ ಕೊಡುವ ದಾರಿಯಿದ್ದರೆ ಕದ್ದುಮುಚ್ಚಿ ಮಾಡುವ ಅರೆಬರೆ ಕೆಲಸ ತಾನಾಗಿ ಕಡಮೆಯಾದೀತು.

ಗ್ರೀಕ್ ದೊರೆ ಮಿಲಿಂದನು ರಥವೇರಿ ಬಂದಾಗ ಬೌದ್ಧ ಭಿಕ್ಷು ನಾಗಸೇನನು ಅವನನ್ನು ಕೇಳಿದ ಪ್ರಶ್ನೆ ಪ್ರಸಿದ್ಧವಾದುದು. ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ? ದೊರೆಗೆ ಯಾವುದೊಂದನ್ನೂ ತೋರಿಸಲಾಗಲಿಲ್ಲ. ಇಂದಿನ ನೋಂದಣಿ ಕಚೇರಿ ಆ ಪ್ರಶ್ನೆಗೆ ಚಾಸಿಯ ಸಂಖ್ಯೆಯನ್ನು ತೋರಿಸೀತು. ತೋಟದ ಮಾಲಿಕನ ಉತ್ತರ ಬೇರೆ: ಜಡಿಮಳೆಯಲ್ಲಿ ಏರು ಹತ್ತಿ ರೋಗಿಯನ್ನೋ ಗೊಬ್ಬರದ ಮೂಟೆಯನ್ನೋ ಮನೆ ಮುಟ್ಟಿಸಿತೆ? ಮುಟ್ಟಿಸಿದರೆ ಅದು ಜೀಪು.

ಈಗ ಇನ್ನೊಂದು ಕಸಿ ಆರಂಭವಾಗಿದೆ. ಇಂಗ್ಲೆಂಡಿನಲ್ಲಿ ಹಳೆಯ ಲ್ಯಾಂಡ್ ರೋವರುಗಳ ಎಂಜಿನ್ ತೆಗೆದು ವಿದ್ಯುತ್ ಮೋಟಾರು ಕೂರಿಸುತ್ತಿದ್ದಾರೆ. ನಮ್ಮ ಕಾಯಿದೆಯೂ ಬ್ಯಾಟರಿಗೆ ಬದಲಾಗುವವರಿಗೆ ಷರತ್ತುಗಳೊಡನೆ ಬಾಗಿಲು ತೆರೆದಿದೆ. ಮುಂದೊಂದು ಮಳೆಗಾಲದಲ್ಲಿ ಆ ಎತ್ತರದ ಹಣೆಯ ಜೀಪು ಟ್ರಾಕ್ಟರಿನ ದನಿಯನ್ನೂ ಕಳಚಿಟ್ಟು ಸದ್ದಿಲ್ಲದೆ ತಿರುವು ದಾಟಿ ಬಂದೀತು. ಅಂದು ದಾರಿಹೋಕರು ಕಿವಿಯನ್ನು ನಂಬಿ ಪಕ್ಕಕ್ಕೆ ಸರಿಯುವಂತಿಲ್ಲ. ತಲೆಯೆತ್ತಿ ನೋಡಿಯೇ ಸರಿಯಬೇಕು.